ಲಾರಿ ಓಡಿಸಿದವರನ್ನು ನೆನೆಯುವ ಭಾಷೆ

ಕಳೆದ ವರ್ಷ ಕುಷ್ಟಗಿಯ ನಮ್ಮ ಓಣಿಯಲ್ಲಿ ಹಿರಿಯರೊಬ್ಬರು ತೀರಿಕೊಂಡರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಲಾರಿ ಓಡಿಸಿದವರು. ಓಣಿಯ ಹುಡುಗರು ಶ್ರದ್ಧಾಂಜಲಿಯ ಫ್ಲೆಕ್ಸ್ ಮಾಡಿಸಲು ಹೊರಟಾಗ, ಕನ್ನಡ ಓದಿಕೊಂಡವನು ಎಂಬ ಕಾರಣಕ್ಕೆ ನಾಲ್ಕು ಸಾಲು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಐದು ನಿಮಿಷದಲ್ಲಿ ಬರೆದುಕೊಟ್ಟೆ: ಕಾಯಕಯೋಗಿ, ಕುಟುಂಬ ವತ್ಸಲ, ಸ್ನೇಹಜೀವಿ, ನಿಮ್ಮ ಆದರ್ಶವೇ ನಮಗೆ ದಾರಿದೀಪ. ಸ್ಟುಡಿಯೋದವನು ತನ್ನ ಪಾಲಿನದನ್ನೂ ಸೇರಿಸಿದ. ಖಾಕಿ ಅಂಗಿಯಲ್ಲಿದ್ದ ಫೋಟೋಕ್ಕೆ ಕಂಪ್ಯೂಟರಿನಲ್ಲೇ ನೀಲಿ ಕೋಟು ತೊಡಿಸಿದ, ಹಿಂದೆ ಒಂದು ಜಲಪಾತ ಇಟ್ಟ. ಕೆಳಗೆ ಸಾಲಾಗಿ ಹುಡುಗರ ಫೋಟೋ ಮತ್ತು ಹೆಸರು.

ಫ್ಲೆಕ್ಸ್ ಕಟ್ಟಿದ ಸಂಜೆ ಅವರ ಮಗಳು ಅದರ ಮುಂದೆ ಬಹಳ ಹೊತ್ತು ನಿಂತಿದ್ದಳು. ಆಮೇಲೆ ನನ್ನ ಹತ್ತಿರ ಬಂದು ಕೇಳಿದಳು: "ಕಾಕಾ, ಎಲ್ಲಾ ಛಲೋ ಬರದೀರಿ. ಆದ್ರ ಇದರಾಗ ನಮ್ಮಪ್ಪ ಎಲ್ಲಿ ಅದಾನ?"

ಅವಳು ಮುನಿದು ಕೇಳಿರಲಿಲ್ಲ. ನಿಜವಾಗಿಯೂ ಹುಡುಕಿದ್ದಳು, ಸಿಕ್ಕಿರಲಿಲ್ಲ. ವಿಮರ್ಶೆ ಎಂದು ನಾವು ಕರೆಯುವ ಕೆಲಸದ ಮೊದಲ ಪ್ರಶ್ನೆ ಇದೇ ಇರಬೇಕು. ಒಂದು ಬರಹ ಯಾರ ಬಗ್ಗೆ ಎಂದು ಹೇಳಿಕೊಳ್ಳುತ್ತದೆಯೋ ಅವರು ಅದರೊಳಗೆ ಇದ್ದಾರೆಯೇ? ನನ್ನ ನಾಲ್ಕು ಸಾಲುಗಳನ್ನು ಶಿಕ್ಷಕರ ಫ್ಲೆಕ್ಸಿಗೆ ಹಾಕಿದರೂ ನಡೆಯುತ್ತಿತ್ತು, ಕಿರಾಣಿ ಅಂಗಡಿಯವರ ಫ್ಲೆಕ್ಸಿಗೂ ನಡೆಯುತ್ತಿತ್ತು. ಲಾರಿಯವರೊಬ್ಬರನ್ನು ನೆನೆಯಲು ನಮ್ಮ ಭಾಷೆಯಲ್ಲಿ ಏನಿದೆ, ಏನಿಲ್ಲ ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ.

ಸತ್ತವರನ್ನು ಬರಹದಲ್ಲಿ ನೆನೆಯುವುದು ನಮ್ಮ ಸೀಮೆಗೆ ಹೊಸದೇನಲ್ಲ. ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣ ಒಂದು, ಇಂದಿನ ಕೊಪ್ಪಳ. ಅದು ಜೈನರಿಗೆ ಮಹಾತೀರ್ಥವಾಗಿತ್ತು. ಸಲ್ಲೇಖನದಿಂದ ದೇಹ ಬಿಟ್ಟವರ ನೆನಪಿಗೆ ನಿಷಿಧಿ ಕಲ್ಲುಗಳನ್ನು ನಿಲ್ಲಿಸುವ ಪದ್ಧತಿ ಇಲ್ಲಿತ್ತು. ಅತ್ತ ಊರೂರಿನಲ್ಲಿ ವೀರಗಲ್ಲುಗಳು. ಎರಡರ ವ್ಯಾಕರಣವೂ ಒಂದೇ ಬಗೆಯದು. ಮನುಷ್ಯ ಹೇಗೆ ಬದುಕಿದ ಎನ್ನುವುದಕ್ಕಿಂತ ಹೇಗೆ ಸತ್ತ ಎನ್ನುವುದು ಅಲ್ಲಿ ಮುಖ್ಯ. ದನ ಬಿಡಿಸುವಾಗ, ಊರು ಕಾಯುವಾಗ ಸತ್ತವನಿಗೆ ಕಲ್ಲು. ಮೂವತ್ತು ವರ್ಷ ದನ ಕಾಯ್ದು ಮನೆಯಲ್ಲಿ ಸತ್ತವನಿಗೆ ಕಲ್ಲಿಲ್ಲ. ಲಾರಿ ಚಾಲಕನ ವಿಷಯದಲ್ಲಿ ಪತ್ರಿಕೆಗಳು ಇಂದಿಗೂ ಹಾಗೆಯೇ ನಡೆದುಕೊಳ್ಳುತ್ತವೆ. ಅಪಘಾತವಾದರೆ ಆತ ಸುದ್ದಿ. ಆಗಲೂ ಬಹುಪಾಲು ಆರೋಪಿಯಾಗಿ, ಹೆಸರಿಗಿಂತ ಮೊದಲು ಲಾರಿಯ ನಂಬರಿನೊಂದಿಗೆ.

ಕೊಪ್ಪಳದಲ್ಲೇ ಇದಕ್ಕೆ ಒಂದು ಅಪವಾದವೂ ಇದೆ. ಅಶೋಕನ ಶಾಸನವಿರುವ ಪಾಲ್ಕಿಗುಂಡಿನ ಮೇಲೆ ಜಟಾಸಿಂಗನಂದಿ ಆಚಾರ್ಯರ ಪಾದಗಳನ್ನು ಬಂಡೆಯಲ್ಲಿ ಕೊರೆಯಲಾಗಿದೆ. ವರಾಂಗಚರಿತವನ್ನು ಬರೆದ ಕವಿ ಅವರೇ ಎಂದು ವಿದ್ವಾಂಸರು ಹೇಳುತ್ತಾರೆ. ಜೊತೆಗಿರುವ ಬರಹ ಬಹಳ ಚಿಕ್ಕದು. ಇವು ಆಚಾರ್ಯರ ಪಾದಗಳು, ಮಾಡಿಸಿದವನು ಚಾವಯ್ಯ, ಅಷ್ಟೇ. ಗುಣವಿಶೇಷಣಗಳ ಸರಮಾಲೆ ಇಲ್ಲ. ಊರಿಂದೂರಿಗೆ ನಡೆದೇ ಬಾಳಿದ ಮುನಿಯೊಬ್ಬರ ನೆನಪಿಗೆ ನಡೆದ ಕಾಲುಗಳನ್ನೇ ಉಳಿಸಿಕೊಂಡಿದ್ದಾರೆ. ಜೈನ ಸಂಪ್ರದಾಯದಲ್ಲಿ ಪಾದಗಳಿಗೆ ಪೂಜ್ಯತೆಯ ಅರ್ಥವಿದೆ, ನಿಜ. ಆದರೂ ನಮ್ಮ ಫ್ಲೆಕ್ಸಿನ ನೀಲಿ ಕೋಟಿನ ಪಕ್ಕ ಆ ಪಾದಗಳನ್ನಿಟ್ಟು ನೋಡಿದರೆ, ಒಬ್ಬ ಮನುಷ್ಯನ ಬದುಕು ಯಾವುದರಿಂದ ಆಗಿತ್ತೋ ಅದನ್ನೇ ನೆನಪಿನ ಗುರುತಾಗಿಸುವುದು ಎಷ್ಟು ಸರಳ, ಎಷ್ಟು ಕಷ್ಟ ಎಂಬುದು ತಿಳಿಯುತ್ತದೆ.

ಇನ್ನು ಆಧುನಿಕ ಕನ್ನಡ ಗದ್ಯಕ್ಕೆ ಬರೋಣ. ಅಪ್ಪನನ್ನು ನೆನೆಯುವ ಬರಹಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಸಿದ್ಧಲಿಂಗಯ್ಯನವರ 'ಊರುಕೇರಿ' ತೆರೆದುಕೊಳ್ಳುವುದೇ ಒಂದು ಹೊಲದಲ್ಲಿ. ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟಿದ್ದಾರೆ, ಅವರಲ್ಲೊಬ್ಬರು ಅಪ್ಪ, ಹುಡುಗ ಅದನ್ನು ನೋಡುತ್ತಾನೆ. ತೇಜಸ್ವಿಯವರ 'ಅಣ್ಣನ ನೆನಪು' ಪುಸ್ತಕದಲ್ಲಿ ಕುವೆಂಪು ಮೈಸೂರಿನ ಮನೆಯಲ್ಲಿ, ತೋಟದಲ್ಲಿ, ಮಕ್ಕಳ ಕೀಟಲೆಗಳ ನಡುವೆ ಸಿಗುತ್ತಾರೆ. ಒಂದು ಹಸಿವು ಮತ್ತು ಅವಮಾನದ ಲೋಕ, ಇನ್ನೊಂದು ಪುಸ್ತಕಗಳ ಮನೆ. ಇಷ್ಟು ದೂರದ ಎರಡು ಕೃತಿಗಳಿಗೂ ಒಂದು ಸಮಾನ ನೆಲೆಯಿದೆ. ಎರಡರಲ್ಲೂ ಮಗ ಅಪ್ಪನನ್ನು ಕಣ್ಣಾರೆ ನೋಡಿದ್ದಾನೆ. ರೈತ, ನೇಕಾರ, ಕಮ್ಮಾರ, ಮೇಷ್ಟ್ರು ಹೀಗೆ ಯಾರ ಮಕ್ಕಳಾದರೂ ಅಪ್ಪನ ಕೆಲಸದ ಅಂಚಿನಲ್ಲೇ ಆಡಿಕೊಂಡು ಬೆಳೆದವರು. ಕಿನ್ನಾಳದ ಗೊಂಬೆ ಮಾಡುವವರ ಮನೆಯ ಮಗುವಿಗೆ ಬಣ್ಣದ ಬಟ್ಟಲೇ ಆಟಿಕೆ.

ಲಾರಿಯವರ ಮಗಳು ಅಪ್ಪ ಕೆಲಸ ಮಾಡುವುದನ್ನು ನೋಡಿಲ್ಲ. ಅವಳು ನೋಡಿದ್ದು ಕೆಲಸದ ಆಚೆಯ ತುದಿಯನ್ನು ಮಾತ್ರ: ಗಾಡಿಯಿಂದ ಇಳಿದು ಬಂದು ಹಗಲು ಹೊತ್ತಿನಲ್ಲಿ ಮಲಗಿರುವ ಅಪ್ಪ, ಗದ್ದಲ ಮಾಡಬೇಡಿ ಎಂದು ಗದರುವ ಅವ್ವ, ಬಾಗಿಲ ಹಿಂದಿನ ಗೂಟದ ಅಂಗಿಯ ಡೀಸೆಲ್ ವಾಸನೆ, ಚೀಲದಿಂದ ಹೊರಬರುವ ನಾಗಪುರದ ಕಿತ್ತಳೆ ಅಥವಾ ಗುಂಟೂರಿನ ಮೆಣಸಿನಕಾಯಿ. ಆಕೆಯ ಬಾಲ್ಯದಲ್ಲಿ ಅಪ್ಪ ಎಂದರೆ ಬಹುತೇಕ ಗೈರುಹಾಜರಿ. ನಮ್ಮ ಸ್ಮರಣ ಗದ್ಯ ಹಾಜರಿಯ ಮೇಲೆ ನಿಂತಿರುವುದರಿಂದ ಈ ಬದುಕಿನ ಮುಂದೆ ಅದು ತಡವರಿಸುತ್ತದೆ. ಗೈರುಹಾಜರಿಯನ್ನು ಬರೆಯಲು ಬಾರದಾಗ 'ತ್ಯಾಗ' ಎಂಬ ಪದ ಸಹಾಯಕ್ಕೆ ಬರುತ್ತದೆ. ಎಲ್ಲಿದ್ದರು, ಏನು ಮಾಡುತ್ತಿದ್ದರು ಎಂದು ಹೇಳುವ ಹೊಣೆಯಿಂದ ಆ ಪದ ನಮ್ಮನ್ನು ಬಿಡಿಸಿಬಿಡುತ್ತದೆ.

ಸಿನಿಮಾ ಏನಾದರೂ ಕೊಟ್ಟಿದೆಯೇ? ಆಟೋದವರಿಗೆ ಕೊಟ್ಟಿದೆ. 1980ರಲ್ಲಿ ಬಂದ 'ಆಟೋ ರಾಜ'ದಿಂದಾಗಿ ಶಂಕರ್‌ನಾಗ್ ಅವರ ಚಿತ್ರ ಇವತ್ತಿಗೂ ಆಟೋಗಳ ಬೆನ್ನ ಮೇಲಿದೆ. ಆಟೋ ಊರೊಳಗೇ ಸುತ್ತುತ್ತದೆ, ಅದರ ಚಾಲಕ ರಾತ್ರಿ ಮನೆಗೆ ಬರುತ್ತಾನೆ, ಊರು ಅವನನ್ನು ತನ್ನವನೆಂದು ಬಲ್ಲದು. ಲಾರಿ ಊರ ಹೊರಗೇ ನಿಲ್ಲುತ್ತದೆ. ತೆರೆಯ ಮೇಲೆ ಅದು ಕಾಣಿಸುವುದು ಹೆಚ್ಚಾಗಿ ಕಥೆಗೆ ಒಂದು ಅಪಘಾತ ಬೇಕಾದಾಗ, ಇಲ್ಲವೇ ಢಾಬಾದ ಹೊಡೆದಾಟಕ್ಕೆ ಹಿನ್ನೆಲೆಯಾಗಿ. ಅತ್ತ ಆರೋಗ್ಯ ಇಲಾಖೆಯ ಭಿತ್ತಿಚಿತ್ರಗಳಲ್ಲಿ ಲಾರಿ ಚಾಲಕ ಎಂದರೆ ರೋಗ ಹರಡಬಹುದಾದ ಒಂದು ವರ್ಗ. ಆ ಎಚ್ಚರಿಕೆ ಬೇಕಾಗಿದ್ದದ್ದೇ ಇರಬಹುದು. ಆದರೆ ಅದು ಹೋದಲ್ಲೆಲ್ಲ ಈ ಮನುಷ್ಯರ ಹೆಂಡತಿ ಮಕ್ಕಳ ಮುಖದ ಮೇಲೆ ಒಂದು ಅನುಮಾನವನ್ನೂ ಅಂಟಿಸಿತು. ಒಂದು ಕಡೆ ತ್ಯಾಗಮಯಿ, ಇನ್ನೊಂದು ಕಡೆ ಪುಂಡ. ಎರಡು ಸಿದ್ಧ ಚಿತ್ರಗಳ ನಡುವೆ ಮನುಷ್ಯ ಕಾಣೆ.

ಹಾಗಾದರೆ ಲಾರಿಯವರು ತಾವೇ ಬರೆದುಕೊಂಡದ್ದು? ಗಾಡಿಯ ಹಿಂಬದಿಯ ಬರಹಗಳನ್ನು ಜನಪದ ಸಾಹಿತ್ಯವೆಂದು ಕೊಂಡಾಡುವ ಲೇಖನಗಳನ್ನು ಆಗಾಗ ಓದುತ್ತೇವೆ. ಗವಿಸಿದ್ಧೇಶ್ವರ ಪ್ರಸನ್ನ, ಹುಲಿಗೆಮ್ಮ ಪ್ರಸನ್ನ, ತಾಯಿಯ ಆಶೀರ್ವಾದ, ಕೆಳಗೆ ಎರಡು ಮಕ್ಕಳ ಹೆಸರು. ಓದಲು ಚೆಂದ. ಆದರೆ ಒಂದು ಸಣ್ಣ ಸಂಗತಿಯನ್ನು ಆ ಲೇಖನಗಳು ಮರೆಯುತ್ತವೆ. ನಮ್ಮ ಕಡೆ ಲಾರಿ ಓಡಿಸುವವರಲ್ಲಿ ಎಷ್ಟೋ ಜನ ಅದರ ಮಾಲೀಕರಲ್ಲ. ಬಂಪರಿನ ಮೇಲಿರುವುದು ಸಾವಕಾರರ ಮಕ್ಕಳ ಹೆಸರು. ನಮ್ಮ ಓಣಿಯ ಹಿರಿಯರು ಹನ್ನೆರಡು ವರ್ಷ ಒಂದೇ ಗಾಡಿ ಓಡಿಸಿದರು. ಆ ಹನ್ನೆರಡು ವರ್ಷವೂ ಬೇರೆಯವರ ಮಕ್ಕಳ ಹೆಸರನ್ನು ದೇಶದ ತುಂಬ ತಿರುಗಿಸಿದರು. ಅವರ ಮಗಳ ಫೋಟೋ ಇದ್ದದ್ದು ಕ್ಯಾಬಿನ್ನಿನ ಒಳಗೆ, ಹುಲಿಗೆಮ್ಮನ ಪಟದ ಪಕ್ಕದ ಕನ್ನಡಿಯ ಮೂಲೆಯಲ್ಲಿ, ಪಾಸ್‌ಪೋರ್ಟ್ ಅಳತೆಯದು.

ಈ ಹುಡುಕಾಟದ ನಡುವೆ ಬಹಳ ದೂರದ ಒಂದು ಪುಸ್ತಕ ಕೈಗೆ ಸಿಕ್ಕಿತು. ಬ್ರೆಜಿಲಿನ ಸಮಾಜಶಾಸ್ತ್ರಜ್ಞ ಜೋಸೆ ಹೆನ್ರಿಕೆ ಬೊರ್ಟೊಲುಚಿ 2023ರಲ್ಲಿ ಪೋರ್ಚುಗೀಸ್ ಭಾಷೆಯಲ್ಲಿ ಪ್ರಕಟಿಸಿದ್ದು, 2024ರಲ್ಲಿ 'ವಾಟ್ ಈಸ್ ಮೈನ್' ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ಬಂತು. ಸಾವೊ ಪಾಲೊ ರಾಜ್ಯದ ಒಳನಾಡಿನ ಜಾವು ಎಂಬ ಊರಿನವರು ಅವರ ತಂದೆ. ಎಲ್ಲರೂ ಕರೆಯುತ್ತಿದ್ದದ್ದು ದಿದಿ ಎಂದು. 1965ರಿಂದ ಐವತ್ತು ವರ್ಷ ಲಾರಿ ಓಡಿಸಿದವರು. ಮಿಲಿಟರಿ ಸರ್ಕಾರ 1970ರ ದಶಕದಲ್ಲಿ ಅಮೆಜಾನ್ ಕಾಡನ್ನು ಸೀಳಿ ಹೆದ್ದಾರಿ ಮಾಡುತ್ತಿದ್ದಾಗ ಆ ಕಡೆಗೂ ಲೋಡು ಹೊತ್ತವರು. ಶಾಲೆಗೆ ಹೋದದ್ದು ಕೆಲವೇ ವರ್ಷ. ತಂದೆಗೆ ಕ್ಯಾನ್ಸರ್ ಎಂದು ತಿಳಿದ ಕಾಲದಲ್ಲಿ ಮಗ ಅವರ ಎದುರು ಕುಳಿತು ಮಾತುಗಳನ್ನು ಧ್ವನಿಮುದ್ರಿಸಿಕೊಂಡರು. ಪುಸ್ತಕ ಆ ಮಾತುಗಳಿಂದ ಕಟ್ಟಿದ್ದು.

ಅದರ ಹೆಚ್ಚುಗಾರಿಕೆ ಇರುವುದು ಒಂದು ಸಂಯಮದಲ್ಲಿ. ತಂದೆಯ ಮಾತು ಬರುವಾಗ ಓದಿದ ಮಗ ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ತಂದೆ ರಸ್ತೆ, ಕೆಸರು, ಗೆಳೆಯರು, ತಿಂದ ಊಟ, ಕಾದ ದಿನಗಳ ಬಗ್ಗೆ ಹೇಳುತ್ತಾ ಹೋಗುತ್ತಾರೆ. ಮಗನ ಕಡೆಯಿಂದ ಬರುವುದು ದೇಶದ ಚರಿತ್ರೆ: ಆ ರಸ್ತೆಯನ್ನು ಯಾರು ಯಾಕೆ ಮಾಡಿದರು, ಆ ಲೋಡಿನಿಂದ ಯಾರು ಶ್ರೀಮಂತರಾದರು. ತಂದೆ ಮಾಡಿದ ಕೆಲಸದಲ್ಲಿ ಒಂದು ಕಾಡಿನ ನಾಶವೂ ಸೇರಿತ್ತು ಎಂಬುದನ್ನು ಮಗ ಬಚ್ಚಿಡುವುದಿಲ್ಲ. ಪ್ರೀತಿಗೆ ಅದರಿಂದ ಧಕ್ಕೆಯೂ ಆಗುವುದಿಲ್ಲ. ನನಗೆ ಒಪ್ಪಿಗೆಯಾಗದ ಭಾಗವೂ ಇದೆ. ತಂದೆಯ ದೇಹದ ಕಾಯಿಲೆಯನ್ನೂ ದೇಶದ ಕಾಯಿಲೆಯನ್ನೂ ಅಕ್ಕಪಕ್ಕ ಇಡುವಾಗ, ರೂಪಕ ಮನುಷ್ಯನಿಗಿಂತ ದೊಡ್ಡದಾಗಿಬಿಡುವ ಅಪಾಯ ಕಾಣುತ್ತದೆ. ಆಸ್ಪತ್ರೆಯ ಹಾಸಿಗೆಯ ಮೇಲಿರುವವರು ಮೊದಲು ದಿದಿ, ಆಮೇಲೆ ಬ್ರೆಜಿಲ್.

ಈ ದಾರಿಗೆ ನಾವು ಬ್ರೆಜಿಲಿಗೇ ಹೋಗಬೇಕಿಲ್ಲ. ಸಾಗಿಸುವ ಕಾಯಕದವರೊಬ್ಬರು ಕನ್ನಡದಲ್ಲಿ ಹನ್ನೆರಡನೆಯ ಶತಮಾನದಲ್ಲೇ ಮಾತಾಡಿದ್ದಾರೆ. ಅಂಬಿಗರ ಚೌಡಯ್ಯ ದೇವರ ಹೆಸರನ್ನು ಅಂಕಿತವಾಗಿ ಇಟ್ಟುಕೊಳ್ಳಲಿಲ್ಲ, ತಮ್ಮ ಕಾಯಕ ಮತ್ತು ಹೆಸರನ್ನೇ ಇಟ್ಟುಕೊಂಡರು. ಅವರ ವಚನಗಳ ಒರಟುತನದ ಬಗ್ಗೆ ತರಗತಿಗಳಲ್ಲಿ ಬಹಳ ಚರ್ಚೆಯಾಗುತ್ತದೆ. ಆ ಒರಟುತನದ ಹಿಂದಿನ ನಿಲುವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಎಲ್ಲ ಜಾತಿಯ, ಎಲ್ಲ ಅಂತಸ್ತಿನ ಜನರನ್ನೂ ಒಂದೇ ದೋಣಿಯಲ್ಲಿ ಕೂರಿಸಿ ದಾಟಿಸಿದವನಿಗೆ ಮನುಷ್ಯರ ಬಗ್ಗೆ ತಿಳಿದಿರುವುದು ಬೇರೆಯೇ ಬಗೆಯ ತಿಳಿವಳಿಕೆ. ಅವರ ಹೆಸರು ಹೊತ್ತ ಚೌಡಯ್ಯದಾನಪುರ ತುಂಗಭದ್ರೆಯ ದಂಡೆಯಲ್ಲಿದೆ. ಅದೇ ನೀರು ಕೆಳಕ್ಕೆ ಹರಿದು ಮುನಿರಾಬಾದಿನ ಅಣೆಕಟ್ಟೆಗೆ ಬಂದು, ಎಡದಂಡೆ ಕಾಲುವೆಯಲ್ಲಿ ಗಂಗಾವತಿಯ ಗದ್ದೆಗಳಿಗೆ ಇಳಿದು, ಭತ್ತವಾಗಿ, ಅಕ್ಕಿಯಾಗಿ ಲಾರಿ ಏರುತ್ತದೆ. ಕಾಯಕಯೋಗಿ ಎಂಬ ಪದವನ್ನು ಫ್ಲೆಕ್ಸಿಗೆ ಬರೆದಾಗ ನಾನು ಎರವಲು ತಂದದ್ದು ಆ ಪರಂಪರೆಯಿಂದಲೇ. ತಂದವನು ಪದವನ್ನಷ್ಟೇ ತಂದೆ. ಕಾಯಕವನ್ನು ಹೆಸರಿಸುವ ಅದರ ಅಭ್ಯಾಸವನ್ನು ತರಲಿಲ್ಲ.

ಹೆಸರಿಸುವುದು ಎಂದರೆ ಏನು? ಉತ್ತರ ಅವರ ಮನೆಯಲ್ಲೇ ಇತ್ತು. ದಿನಕರ್ಮಗಳೆಲ್ಲ ಮುಗಿದ ಮೇಲೆ ಮಗಳು ಎರಡು ವಸ್ತುಗಳನ್ನು ತಂದು ನನ್ನ ಮುಂದೆ ಇಟ್ಟಳು. ಒಂದು, ಅಪ್ಪನ ಟ್ರಿಪ್ಪಿನ ಲೆಕ್ಕದ ಉದ್ದನೆಯ ವಹಿಗಳು. ಇನ್ನೊಂದು, ಅವ್ವ ಎಸೆಯದೇ ಕಟ್ಟಿಟ್ಟಿದ್ದ ಹಳೆಯ ಗೋಡೆ ಕ್ಯಾಲೆಂಡರುಗಳು.

ವಹಿಯಲ್ಲಿರುವುದು ಡೀಸೆಲ್, ಟೋಲ್, ಹಮಾಲಿ, ಕಾಟಾ, ಪಂಕ್ಚರ್, ಕ್ಲೀನರ್ ಭತ್ಯೆ, ಊಟ. ಕೆಲವು ಕಡೆ ಬರಿಯ 'ಖರ್ಚು' ಎಂದಿದೆ, ವಿವರವಿಲ್ಲ. ಹೆದ್ದಾರಿಯಲ್ಲಿ ಯಾರ ಕೈಗೆ ಏನು ಕೊಡಬೇಕಾಗುತ್ತದೆ ಎಂದು ಬಲ್ಲವರಿಗೆ ಆ ಪದದ ಅರ್ಥ ತಿಳಿಯುತ್ತದೆ. ಒಂದೊಂದೇ ಪುಟ ತಿರುವಿದರೆ ಜಿಲ್ಲೆಯ ಚರಿತ್ರೆ ಕಣ್ಣಿಗೆ ಕಟ್ಟುತ್ತದೆ. ಮೊದಲ ವಹಿಗಳ ತುಂಬ ಗಂಗಾವತಿಯ ಅಕ್ಕಿ. ಗಿರಣಿಯ ಮುಂದೆ ಸಾಲು ಹಚ್ಚಿ ನಿಲ್ಲುವುದು, ತಾಡಪತ್ರಿ ಬಿಗಿಯುವುದು, ಬೆಂಗಳೂರು ಇಲ್ಲವೇ ಮುಂಬೈ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕು ಸೇರಿ 1997ರಲ್ಲಿ ಕೊಪ್ಪಳ ಜಿಲ್ಲೆಯಾದಾಗಲೂ ವಹಿಯಲ್ಲಿ ಅಕ್ಕಿಯೇ. 2000ದ ದಶಕದ ನಡುವಿನಿಂದ ಲೋಡು ಬದಲಾಗುತ್ತದೆ: ಅದಿರು. ಹೊಸಪೇಟೆಯಿಂದ ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ, ಯಲ್ಲಾಪುರದ ಆಚೆ ಅರಬೈಲ್ ಘಟ್ಟ ಇಳಿದು ಅಂಕೋಲಾ ಕಡೆಯ ಬೇಲೆಕೇರಿ ಬಂದರು. ಪುಟಗಳಲ್ಲಿ ಬೇರೆ ಊರೇ ಇಲ್ಲ. ಕೈಬರಹ ಅವಸರದ್ದಾಗುತ್ತದೆ. ಎಷ್ಟು ಟ್ರಿಪ್ಪೋ ಅಷ್ಟು ದುಡ್ಡು ಎಂಬ ಕಾಲ ಅದು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಷೇಧಿಸಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ನಾನು ಆ ತೀರ್ಪನ್ನು ಸಂತೋಷದಿಂದ ಓದಿದವನು, ಇಂದಿಗೂ ಅದು ಸರಿ ಎಂದೇ ನಂಬಿದವನು. ಇವರ ವಹಿಯಲ್ಲಿ ಆಮೇಲಿನ ಎರಡು ತಿಂಗಳು ಖಾಲಿ. ನಂತರ ಗಿಣಿಗೇರಿ ಕಡೆಯ ಕಾರ್ಖಾನೆಗಳ ಲೋಡು, ನಡುನಡುವೆ ಕುಷ್ಟಗಿಯ ದಾಳಿಂಬೆ.

ಅದಿರಿನ ಲೂಟಿಯ ಬಗ್ಗೆ ನಾವು ಕಥೆ ಬರೆದೆವು, ಭಾಷಣ ಮಾಡಿದೆವು. ಆ ಲೂಟಿಯನ್ನು ಹೊತ್ತ ಲಾರಿಯ ಸ್ಟೇರಿಂಗ್ ಹಿಡಿದವರು ನಮ್ಮ ಓಣಿಯವರೇ ಎಂಬುದನ್ನು ಮಾತ್ರ ಎಲ್ಲೂ ಬರೆಯಲಿಲ್ಲ. ಅವರನ್ನು ಖಳರ ಸಾಲಿಗೆ ಸೇರಿಸುವುದು ಅನ್ಯಾಯ. ಬಲಿಪಶು ಎನ್ನುವುದೂ ಅರ್ಧ ಸತ್ಯ, ಏಕೆಂದರೆ ಮಗಳ ಕಾಲೇಜು, ಮನೆಯ ಸ್ಲ್ಯಾಬು ಎರಡೂ ಆದದ್ದು ಆ ವರ್ಷಗಳಲ್ಲೇ. ಬೊರ್ಟೊಲುಚಿ ಕಾಡಿನ ವಿಷಯದಲ್ಲಿ ತೋರಿದ ಧೈರ್ಯ ನಮಗೆ ಅದಿರಿನ ವಿಷಯದಲ್ಲಿ ಬೇಕು.

ಕ್ಯಾಲೆಂಡರಿನದು ಬೇರೆಯೇ ಪಠ್ಯ. ಹಾಲಿನ ಲೆಕ್ಕದ ಜೊತೆಗೆ ಕೆಲವು ತಾರೀಖುಗಳ ಮೂಲೆಯಲ್ಲಿ ಪೆನ್ಸಿಲ್ಲಿನ ಚಿಕ್ಕ ಗೀರು. ಗೀರು ಹೊರಗೆ ಬಾಗಿದ್ದರೆ ಗಂಡ ಹೋದ ದಿನ, ಒಳಗೆ ಬಾಗಿದ್ದರೆ ಬಂದ ದಿನ. ಓದು ಬಾರದ ಆ ತಾಯಿ ತಾನೇ ಕಂಡುಕೊಂಡ ಲಿಪಿ ಅದು. ವಹಿಯನ್ನೂ ಕ್ಯಾಲೆಂಡರನ್ನೂ ಪಕ್ಕಪಕ್ಕ ಇಟ್ಟು ಓದಿದಾಗ ಮಾತ್ರ ಈ ಸಂಸಾರ ಕಾಣುತ್ತದೆ. ಅವರು ಎಲ್ಲಿದ್ದರು ಎಂಬುದು ಒಂದರಲ್ಲಿ, ಎಲ್ಲಿ ಇರಲಿಲ್ಲ ಎಂಬುದು ಇನ್ನೊಂದರಲ್ಲಿ. ಒಂದು ವರ್ಷದ ಕ್ಯಾಲೆಂಡರಿನಲ್ಲಿ ನಾನು ಒಳಬಾಗಿದ ಗೀರಿನಿಂದ ಹೊರಬಾಗಿದ ಗೀರಿನವರೆಗಿನ ದಿನಗಳನ್ನು ಎಣಿಸಿದೆ. ಮನೆಯಲ್ಲಿದ್ದದ್ದು ಅರವತ್ತೊಂದು ದಿನ. ಗವಿಮಠದ ಜಾತ್ರೆಗೆ ತಪ್ಪದೇ ಬಂದಿದ್ದಾರೆ. ಮಗಳು ಹುಟ್ಟಿದ ದಿನ ಗೀರಿಲ್ಲ.

ಈ ಅರವತ್ತೊಂದರ ಹಿಂದೆ ಒಂದು ಕಾನೂನಿನ ಕಥೆಯೂ ಇದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಚಾಲಕರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಕೆಲಸದ ಮಿತಿ ಹಾಕಿತ್ತು. ಆದರೆ ಅದು ಅನ್ವಯವಾಗುತ್ತಿದ್ದುದು ಐದು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆ. ಒಂದೋ ಎರಡೋ ಲಾರಿ ಇಟ್ಟುಕೊಂಡ ಸಣ್ಣ ಸಾವಕಾರರ ಬಳಿ ದುಡಿಯುವವರು ಆ ಲೆಕ್ಕದ ಹೊರಗೆ ಉಳಿದುಬಿಡುತ್ತಿದ್ದರು. 'ಸಂಸಾರಕ್ಕಾಗಿ ಹಗಲಿರುಳು ದುಡಿದರು' ಎಂದು ಶ್ರದ್ಧಾಂಜಲಿಯಲ್ಲಿ ಬರೆಯುವಾಗ, ಹಗಲಿರುಳು ದುಡಿಸಿದ ವ್ಯವಸ್ಥೆಯನ್ನೇ ಸದ್ಗುಣವಾಗಿ ಹೊಗಳುತ್ತಿರುತ್ತೇವೆ. ಹೊಗಳಿಕೆ ಇಲ್ಲಿ ಮರೆವಿನ ಇನ್ನೊಂದು ಹೆಸರು.

ಹಾಗೆಂದು ನೆನಪು ಬರಿಯ ದೂರಿನ ಪಟ್ಟಿಯಾಗಬೇಕೆಂದು ನಾನು ಹೇಳುವುದಿಲ್ಲ. ಅಪ್ಪ ಮನೆಗೆ ಬಂದಾಗ ಹೇಗಿರುತ್ತಿದ್ದರು ಎಂದು ಮಗಳನ್ನು ಕೇಳಿದೆ. ಅವಳು ಮೊದಲು ಹೇಳಿದ್ದು ಸಿಟ್ಟಿನ ಬಗ್ಗೆ. ನಿದ್ದೆ ಕೆಟ್ಟು ಬಂದಾಗ ಸಣ್ಣ ಮಾತಿಗೂ ರೇಗುತ್ತಿದ್ದರಂತೆ. ಮೂರನೆಯ ದಿನದ ಹೊತ್ತಿಗೆ ಮನೆಯವರಂತೆ ಆಗುತ್ತಿದ್ದರು, ಅಷ್ಟರಲ್ಲಿ ಟ್ರಾನ್ಸ್‌ಪೋರ್ಟ್ ಆಫೀಸಿನಿಂದ ಫೋನು. "ಅಪ್ಪ ಅಂದ್ರ ನಮಗ ಬೀಗರ ಇದ್ದಂಗ ಆಗಿದ್ದ ಕಾಕಾ. ಬಂದ್ರ ಹೋಳಿಗಿ ಮಾಡ್ತಿದ್ವಿ" ಎಂದಳು. ಆಮೇಲೆ ನಕ್ಕು, ರಾತ್ರಿ ಗಾಡಿ ಓಡಿಸುವಾಗ ನಿದ್ದೆ ಬರಬಾರದೆಂದು ಅಪ್ಪ ತನಗೆ ಫೋನ್ ಹಚ್ಚಿ ಮಗ್ಗಿ ಹೇಳಿಸುತ್ತಿದ್ದುದನ್ನು ನೆನೆದಳು. ಇಯರ್‌ಫೋನು ಕಿವಿಗಿಟ್ಟುಕೊಂಡು ಅಂಕೋಲಾದ ದಾರಿಯಲ್ಲಿ ಅವರು, ಕುಷ್ಟಗಿಯ ಮಾಳಿಗೆಯ ಮೇಲೆ ಅವಳು, ನಡುವೆ ಹದಿಮೂರರ ಮಗ್ಗಿ. ಚಾಲಕ ಫೋನಿನಲ್ಲಿ ಮಾತಾಡುವುದು ತಪ್ಪು, ಗೊತ್ತು. ಆದರೂ ಕನ್ನಡದಲ್ಲಿ ಅಪ್ಪ ಮಗಳ ಬಗ್ಗೆ ನಾನು ಓದಿರುವ ಎಷ್ಟೋ ಪುಟಗಳಿಗಿಂತ ಈ ಮಗ್ಗಿ ನನಗೆ ನಿಜ ಎನಿಸಿತು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಒಂದು ಮಾತು. ಆತ್ಮಕಥೆ ಬರೆಯದವರ ಬದುಕು ದಾಖಲಾಗಿಲ್ಲ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಲೆಕ್ಕದ ವಹಿ, ಕ್ಯಾಲೆಂಡರಿನ ಗೀರು, ಬಿಲ್ಟಿಯ ಕಟ್ಟು, ಮೊಬೈಲಿನಲ್ಲಿ ಉಳಿದ ಧ್ವನಿ, ಇವೆಲ್ಲ ಓದಿಗೆ ಕಾಯುತ್ತಿರುವ ಪಠ್ಯಗಳು. ಗಿಣಿಗೇರಿಯಲ್ಲಿ, ಗಂಗಾವತಿಯ ಗಿರಣಿಗಳ ಮುಂದೆ, ಯಲಬುರ್ಗಾದ ಮನೆಗಳ ಮಾಡುಗಳಲ್ಲಿ ಅವು ಇವೆ. ಮನೆ ಬದಲಾಯಿಸುವಾಗ ರದ್ದಿಗೆ ಹೋಗುತ್ತಿವೆ. ಅವನ್ನು ಓದಲು ಬೇಕಾದ ತಾಳ್ಮೆಯನ್ನು ನಾವು ಶಾಸನ ಓದುವಾಗ ತೋರಿಸಿದ್ದೇವೆ.

ಈ ಬರಹವನ್ನು ಕಳುಹಿಸುವ ಮುಂಚೆ ಮಗಳಿಗೆ ಓದಿ ಹೇಳಿದೆ. ಎರಡು ಕಡೆ ತಿದ್ದಿದಳು. ಆ ವರ್ಷ ಅಪ್ಪ ಮನೆಯಲ್ಲಿದ್ದದ್ದು ಅರವತ್ತೊಂದು ದಿನವಲ್ಲ, ಐವತ್ತೆಂಟು. ಮೂರು ದಿನ ಗಾಡಿ ಕೆಟ್ಟು ಊರ ಹೊರಗಿನ ಗ್ಯಾರೇಜಿನಲ್ಲಿತ್ತು, ಅವರು ಅಲ್ಲೇ ಮಲಗಿದ್ದರು, ಬುತ್ತಿ ಒಯ್ದು ಕೊಟ್ಟವಳು ಅವಳೇ. ಎರಡನೆಯದು, ಹದಿಮೂರರ ಮಗ್ಗಿಯಲ್ಲ, ಹದಿನೇಳರದು. ಹದಿಮೂರರದು ಅಪ್ಪನಿಗೂ ಬರುತ್ತಿತ್ತಂತೆ. ಹದಿನೇಳರದು ಅವರಿಗೆ ಬರುತ್ತಿರಲಿಲ್ಲ, ಅದಕ್ಕೇ ಅದನ್ನೇ ಮತ್ತೆ ಮತ್ತೆ ಹೇಳಿಸುತ್ತಿದ್ದರು.